ಎರಡು ಇಂಗ್ಲಿಷ್ ವಾಕ್ಯದಲ್ಲಿ ಯಾವುದನ್ನು ಕಳಿಸಬೇಕು?

ಚಿಕ್ಕಮ್ಮ ಸೋಮವಾರಪೇಟೆ ಹತ್ತಿರ ಹೋಂಸ್ಟೇ ನಡೆಸುತ್ತಾರೆ. ಹೊರರಾಜ್ಯದ ಅತಿಥಿಗಳಿಗೆ ಉತ್ತರ ಬರೆಯುವಾಗ ಒಂದೇ ಮಾತನ್ನು ಎರಡು ಥರ ಟೈಪ್ ಮಾಡಿ ನನಗೆ ಕಳಿಸುತ್ತಾರೆ. "ಯಾವ್ದು ಹಾಕ್ಲಿ ನೋಡು" ಅಂತಾರೆ. ಹೋದ ವಾರ ಬಂದದ್ದು ಇವು:

'ವಿ ಆರ್ ರನ್ನಿಂಗ್ ದಿಸ್ ಹೋಂಸ್ಟೇ ಸಿನ್ಸ್ 10 ಇಯರ್ಸ್.'
'ವಿ ಹ್ಯಾವ್ ಬೀನ್ ರನ್ನಿಂಗ್ ದಿಸ್ ಹೋಂಸ್ಟೇ ಫಾರ್ 10 ಇಯರ್ಸ್.'

ಮೊದಲು, ಒಂದು ತಪ್ಪಾ ನೋಡಿ

ಇಲ್ಲಿ ಮೊದಲನೆಯದು ತಪ್ಪು. ನಮ್ಮ ಕಿವಿಗೆ ಅದು ಗೊತ್ತಾಗುವುದೇ ಇಲ್ಲ. ಕನ್ನಡದಲ್ಲಿ '10 ವರ್ಷದಿಂದ' ಅಂತೀವಿ, '2016ರಿಂದ' ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ' ಸಾಕು, ಅಲ್ವಾ? ಇಂಗ್ಲಿಷ್‌ಗೆ ಸಾಲದು. ಎಷ್ಟು ಕಾಲ ಅಂತ ಎಣಿಸಿದರೆ 'ಫಾರ್'. ಯಾವಾಗ ಶುರುವಾಯಿತು ಅಂತ ಹೇಳಿದರೆ 'ಸಿನ್ಸ್'. 'ಫಾರ್ 10 ಇಯರ್ಸ್', 'ಸಿನ್ಸ್ 2016'. ಕೊಡಗಿನ ಸುಗ್ಗಿ ಹಬ್ಬದ ಹೆಸರು ಹಿಡಿದು 'ಸಿನ್ಸ್ ಹುತ್ತರಿ' ಅಂದರೂ ಸರಿ.

ಕ್ರಿಯಾಪದವನ್ನೂ ನೋಡಿ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದನ್ನು ಎಷ್ಟು ಕಾಲದಿಂದ ಅಂತ ಹೇಳುವಾಗ 'ಆರ್ ರನ್ನಿಂಗ್' ಸಾಲದು, 'ಹ್ಯಾವ್ ಬೀನ್ ರನ್ನಿಂಗ್' ಬೇಕು. ನಾನು ಜಾಸ್ತಿ ಸಲ ತಿದ್ದಿರುವುದು ಇದನ್ನೇ.

ಎರಡೂ ಸರಿಯಿದ್ದರೆ, ಅರ್ಥ ಒಂದೇನಾ ಕೇಳಿಕೊಳ್ಳಿ

ತೋಟದ ಲೆಕ್ಕ ಬರೆಯುವ ರೈಟರ್ ಬಗ್ಗೆ ಬರೆಯುತ್ತಿದ್ದೀರಿ ಅನ್ನಿ. 'ಹಿ ವರ್ಕ್ಡ್ ಹಿಯರ್ ಫಾರ್ 10 ಇಯರ್ಸ್' ಅಂದರೆ ಅವರು ಕೆಲಸ ಬಿಟ್ಟಾಗಿದೆ. 'ಹಿ ಹ್ಯಾಸ್ ವರ್ಕ್ಡ್ ಹಿಯರ್ ಫಾರ್ 10 ಇಯರ್ಸ್' ಅಂದರೆ ಈಗಲೂ ಇದ್ದಾರೆ. ವ್ಯಾಕರಣ ಎರಡರಲ್ಲೂ ಸರಿಯೇ. ಆದರೆ ಸುಮ್ನೆ ಒಂದನ್ನು ಆರಿಸಿದರೆ ಇರುವವರನ್ನೇ ಕೆಲಸದಿಂದ ಬಿಡಿಸಿದ ಹಾಗೆ ಆಗುತ್ತದೆ.

ಅರ್ಥವೂ ಒಂದೇ ಆದರೆ, ಹೊಸ ಸುದ್ದಿ ಕೊನೆಗೆ

ಅತಿಥಿ "ಕೀ ಎಲ್ಲಿದೆ?" ಅಂತ ಕೇಳಿದ್ದಾರೆ. 'ಐ ಗೇವ್ ಯುವರ್ ಫ್ರೆಂಡ್ ದ ಕೀ' ಅನ್ನಬಹುದು, 'ಐ ಗೇವ್ ದ ಕೀ ಟು ಯುವರ್ ಫ್ರೆಂಡ್' ಅಂತಲೂ ಅನ್ನಬಹುದು. ಇಲ್ಲಿ ಎರಡನೆಯದೇ ಚೆನ್ನ. ಕೀ ವಿಷಯ ಅವರಿಗೆ ಗೊತ್ತೇ ಇದೆ. ಹೊಸದು ಅದನ್ನು ಯಾರಿಗೆ ಕೊಟ್ಟೆ ಅನ್ನುವುದು. ನಾವೂ 'ಕೀ ನಿಮ್ಮ ಸ್ನೇಹಿತರಿಗೆ ಕೊಟ್ಟೆ' ಅಂತೀವಿ, ಹೊಸದನ್ನು ಕ್ರಿಯಾಪದದ ಪಕ್ಕಕ್ಕೆ ತರುತ್ತೀವಿ. ಇಂಗ್ಲಿಷ್‌ನಲ್ಲಿ ಆ ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ.

ಆಮೇಲೆ ಮರ್ಯಾದೆ

'ಕಳಿಸಿ' ಅಂದರೆ ಕನ್ನಡದಲ್ಲಿ ಮರ್ಯಾದೆ ಆ 'ಇ'ಯಲ್ಲೇ ಬಂದುಬಿಡುತ್ತದೆ. ಇಂಗ್ಲಿಷ್‌ನ 'ಸೆಂಡ್'ಗೆ ಅಂಥ ಬಾಲ ಇಲ್ಲ. ಅದಕ್ಕೇ ಐಡಿ ಪ್ರೂಫ್ ಕೇಳುವಾಗ 'ಪ್ಲೀಸ್ ಸೆಂಡ್' ಅಥವಾ 'ಕುಡ್ ಯು ಪ್ಲೀಸ್ ಸೆಂಡ್' ಬರೆಯಿರಿ.

ಅಪಾಯದ ವಿಷಯದಲ್ಲಿ ಮಾತ್ರ ಹೀಗೆ ಸುತ್ತಿಬಳಸಿ ಹೇಳಬೇಡಿ. ಮಳೆಗಾಲದಲ್ಲಿ ಮಲ್ಲಳ್ಳಿ ಜಲಪಾತಕ್ಕೆ ಹೊರಟವರಿಗೆ 'ಕುಡ್ ಯು ಪ್ಲೀಸ್ ಅವಾಯ್ಡ್' ಅಂತ ಚಿಕ್ಕಮ್ಮ ಬರೆದಿದ್ದರು. ನಾನು ಅದನ್ನು ತೆಗೆಸಿ ಇಷ್ಟೇ ಹಾಕಿಸಿದೆ: 'ಡು ನಾಟ್ ಗೆಟ್ ಇನ್‌ಟು ದ ವಾಟರ್.'