ಬನಿಯನ್ ಬಟ್ಟೆಗೆ ಗಂಜಿ ಹಾಕಿ ಹೊಲಿದೆ

ಮೊನ್ನೆ ಬನಿಯನ್ ಬಟ್ಟೆಯಲ್ಲಿ ನಾನೇ ಹೊಲಿದ ಆರನೇ ಟಾಪ್ ಮುಗಿಯಿತು. ತಿಳಿ ನೀಲಿ ಬಣ್ಣ, ಮುಕ್ಕಾಲು ಕೈ, ಉರುಟು ಕುತ್ತಿಗೆ. ಅದನ್ನೇ ಹಾಕಿಕೊಂಡು ನಮ್ಮ ರಸ್ತೆಯ ಟೈಲರ್ ಅಣ್ಣನ ಅಂಗಡಿಗೆ ಹೋದೆ. ಫಾಲ್‌ಗೆ ಕೊಟ್ಟಿದ್ದ ಸೀರೆ ತರುವುದು ನೆಪ ಅಷ್ಟೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ "ಎಷ್ಟು ಕೊಟ್ಟಿರಿ ಅಕ್ಕ ಇದಕ್ಕೆ?" ಎಂದರು. 160 ಎಂದೆ. ನಂಬಲಿಲ್ಲ. ತೋಳಿನ ಅಂಚು ತಿರುಗಿಸಿ ಒಳಗಿನ ಹೊಲಿಗೆ ತೋರಿಸಿದ ಮೇಲೆ ಸುಮ್ಮನಾದರು.

ಕಳೆದ ವರ್ಷ ಇದೇ ಅಂಗಡಿಯಲ್ಲಿ ನಿಂತು, ಬನಿಯನ್ ಬಟ್ಟೆಯನ್ನು ಮನೆ ಮೆಷಿನ್‌ನಲ್ಲಿ ಹೊಲಿಯಬಹುದಾ ಎಂದು ಕೇಳಿದ್ದೆ. ಅವರು ತಲೆ ಎತ್ತದೆ ಎರಡೇ ಶಬ್ದ ಹೇಳಿದ್ದರು: "ಉಂದು ಆಪುಜಿ." ತುಳುವಿನಲ್ಲಿ ಇದು ಆಗುವುದಿಲ್ಲ ಎಂದು. ಕತ್ತರಿಸಿದ ಅಂಚಿಗೆ ನೂಲು ಸುತ್ತಿ ಭದ್ರ ಮಾಡುವ ಓವರ್‌ಲಾಕ್ ಮೆಷಿನ್ ಬೇಕೇ ಬೇಕಂತೆ. ವಿಚಾರಿಸಿದರೆ ಅದಕ್ಕೆ 15 ಸಾವಿರದ ಮೇಲೆ. ನನ್ನ ಹತ್ತಿರ ಇರುವುದು ಹತ್ತು ವರ್ಷ ಹಳೆಯ ಸಾದಾ ಜಿಗ್‌ಜಾಗ್ ಮೆಷಿನ್. ರವಿಕೆ, ದಿಂಬಿನ ಕವರ್, ಪರದೆ ಬಿಟ್ಟು ಬೇರೆ ಎಂತ ಕಂಡದ್ದಿಲ್ಲ ಅದು.

ಓವರ್‌ಲಾಕ್ ಯಾಕೆ ಬೇಡ ಅಂದರೆ, ಈ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿ ಬರುವುದಿಲ್ಲ. ಸುರುಳಿ ಸುತ್ತುತ್ತದೆ, ಅದೇ ದೊಡ್ಡ ತಲೆಬಿಸಿ. ಇದು ಗೊತ್ತಾದ ಮೇಲೆ ನನಗೆ ಹಟ ಬಂತು.

ಬಟ್ಟೆ ತಂದದ್ದು ಮಂಗಳೂರಿನಿಂದ, ಹಂಪನಕಟ್ಟೆಯ ಕಡೆಯ ಒಂದು ಅಂಗಡಿ. ಯಾವುದು ಎಂದು ಹೇಳುವುದಿಲ್ಲ, ಎಲ್ಲರೂ ಹೋದರೆ ನನಗೆ ಒಳ್ಳೆ ಬಣ್ಣ ಸಿಗುವುದಿಲ್ಲ. ತಿರುಪ್ಪೂರಿನ ಮಾಲು. ಮೀಟರ್ ಲೆಕ್ಕ ಅಲ್ಲ, ಕೆಜಿ ಲೆಕ್ಕ. ಕಾಟನ್ ಲೈಕ್ರಾ (ಹಿಗ್ಗುವ ನೂಲು ಸೇರಿಸಿದ ಹತ್ತಿ ಬಟ್ಟೆ) ಕೆಜಿಗೆ 440 ಇರಬೇಕು ಆಗ. 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕ), 72 ಇಂಚು ಅಗಲದ್ದು ಒಂದು ಕೆಜಿಗೆ ಸುಮಾರು 3 ಮೀಟರ್ ಬರುತ್ತದೆ. ನನ್ನ 36ರ ಅಳತೆಗೆ ಮೂರು ಟಾಪ್ ಆರಾಮ, ಕುತ್ತಿಗೆ ಪಟ್ಟಿಗೂ ಚೂರು ಉಳಿಯುತ್ತದೆ.

ಮೊದಲ ಟಾಪ್‌ನ ಕಥೆ ಕೇಳಬೇಡಿ. ರವಿಕೆ ಹೊಲಿಯುವ ಸೂಜಿಯಲ್ಲೇ ಶುರು ಮಾಡಿದೆ. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಬೀಳುವುದಿಲ್ಲ. ಟೆನ್ಶನ್ ತಿರುಗಿಸಿದೆ, ಎಣ್ಣೆ ಬಿಟ್ಟೆ, ಬಾಬಿನ್ ಬದಲಿಸಿದೆ. ತಪ್ಪು ಸೂಜಿಯದ್ದು. ಈ ಬಟ್ಟೆಗೆ ಬಾಲ್‌ಪಾಯಿಂಟ್ ಸೂಜಿಯೇ ಬೇಕು, ತುದಿ ಉರುಟು ಇರುವಂಥದ್ದು. ಅದು ನೂಲನ್ನು ಚುಚ್ಚದೆ ಬದಿಗೆ ಸರಿಸಿ ಒಳಗೆ ಹೋಗುತ್ತದೆ. 11 ನಂಬರ್ ಸಾಕು. ಉಡುಪಿಯಲ್ಲಿ ನಾನು ಕೇಳಿದ ಮೂರು ಅಂಗಡಿಗಳಲ್ಲೂ ಇರಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ, ಐದಕ್ಕೆ ಇನ್ನೂರರ ಹತ್ತಿರ. ಹಾಗೂ ಹೀಗೂ ಹೊಲಿದು ಮುಗಿಸಿ ತಲೆಗೆ ಹಾಕಿದರೆ ಭುಜದಿಂದ ಸೊಂಟದವರೆಗೆ ಟಪ ಟಪ ಟಪ ಅಂತ ನೂಲು ಕಿತ್ತು ಬಂತು. ನೇರ ಹೊಲಿಗೆ ಹಾಕಿದ್ದೆ, ಅದೂ ಕಾಟನ್ ನೂಲಿನಲ್ಲಿ. ಬಟ್ಟೆ ಹಿಗ್ಗಿತು, ನೂಲು ಹಿಗ್ಗಲಿಲ್ಲ. ಈಗ ಪಾಲಿಯೆಸ್ಟರ್ ನೂಲು, ಜಿಗ್‌ಜಾಗ್ ಅಗಲ 1, ಉದ್ದ 2.5. ಅದರಲ್ಲಿ ಬದಲಾವಣೆ ಇಲ್ಲ.

ಎರಡನೆಯದರಲ್ಲಿ ಬಟ್ಟೆ ಉಳಿಸಲು ಹೋಗಿ ಪ್ಯಾಟರ್ನ್ ಅಡ್ಡ ಇಟ್ಟು ಕತ್ತರಿಸಿದೆ. ಜಾಸ್ತಿ ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು, ನನ್ನದು ಉದ್ದಕ್ಕೆ ಬಂತು. ಎದೆಯ ಹತ್ತಿರ ಬಿಗಿ, ಕೆಳಗೆ ಜೋಲು. ಮೂರನೆಯದು ಚಂದ ಬಂದಿತ್ತು, ಆದರೆ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿರಲಿಲ್ಲ. ಒಂದು ಒಗೆತಕ್ಕೆ 27 ಇಂಚಿದ್ದದ್ದು ಇಪ್ಪತ್ತೈದೂವರೆ. ಈ ಮೂರರಲ್ಲಿ ಎರಡು ಈಗ ನೆಲ ಒರೆಸುತ್ತಿವೆ. ಒಂದು ತಂಗಿಯ ಮಗಳಿಗೆ ಹೋಯಿತು. ಮೇಲೆ ಹೇಳಿದ ಆರರಲ್ಲಿ ಇವು ಸೇರಿಲ್ಲ, ಅವು ಒಳ್ಳೆಯ ಆರು.

ಇಷ್ಟೆಲ್ಲ ಸರಿ ಮಾಡಿದರೂ ಒಂದು ಸಮಸ್ಯೆ ಹೋಗಲಿಲ್ಲ: ಸುರುಳಿ. ಸಿಂಗಲ್ ಜರ್ಸಿ, ಅಂದರೆ ಈ ಬನಿಯನ್ ಬಟ್ಟೆ, ಕತ್ತರಿಸಿದ ಕೂಡಲೇ ಬದಿಯ ಅಂಚು ಹಿಂದಕ್ಕೆ, ಮೇಲೆ ಕೆಳಗಿನ ಅಂಚು ಮುಂದಕ್ಕೆ ಸುತ್ತಿಕೊಳ್ಳುತ್ತದೆ. (ಬಟ್ಟೆಯ ಸರಿ ಮೈ ಯಾವುದು ಎಂದು ಗೊತ್ತಾಗದಿದ್ದರೆ ಇದನ್ನು ನೋಡಿಯೇ ಹೇಳಬಹುದು, ಅದೊಂದು ಉಪಕಾರ.) ಬೆರಳಿನಲ್ಲಿ ಬಿಡಿಸಿ ಹಿಡಿದು ಹೊಲಿದರೆ ಬಟ್ಟೆ ಎಳೆದುಹೋಗಿ ಅಂಚು ಸಮುದ್ರದ ಅಲೆಯ ಹಾಗೆ ಆಗುತ್ತದೆ. ಒತ್ತಡ ಕಡಿಮೆ ಮಾಡೋಣ ಅಂದರೆ ನನ್ನ ಮೆಷಿನ್‌ನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಒತ್ತಡಕ್ಕೆ ತಿರುಪು ಇಲ್ಲ. ಅಡಿಯಲ್ಲಿ ಪೇಪರ್ ಇಟ್ಟು ಹೊಲಿದೆ. ನ್ಯೂಸ್‌ಪೇಪರ್‌ನ ಶಾಯಿ ಬಟ್ಟೆಗೆ ಹತ್ತಿತು. ಬಟರ್ ಪೇಪರ್ ಒಳ್ಳೆಯದು, ಆದರೆ ಹೊಲಿಗೆಯ ನಡುವಿಂದ ಚೂರು ಚೂರು ಕೀಳುತ್ತಾ ಕುಳಿತರೆ ಮಧ್ಯಾಹ್ನದ ಅಡುಗೆ ಯಾರು ಮಾಡುವುದು?

ಆಗ ಕಿನ್ನಿಗೋಳಿ ಕಡೆ ಉಡುಪಿ ಸೀರೆ ನೇಯುವುದನ್ನು ನೋಡಲು ಹೋಗಿದ್ದೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಕೆಲಸಕ್ಕೆ. ಮಗ್ಗಕ್ಕೆ ಹಾಕುವ ಮೊದಲು ಹಾಸಿನ (ಉದ್ದಕ್ಕೆ ಬರುವ) ನೂಲಿಗೆ ಅಕ್ಕಿ ಗಂಜಿ ಹಾಕುತ್ತಾರೆ, ನೂಲು ಗಟ್ಟಿ ನಿಲ್ಲಲಿ ಎಂದು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಸೀರೆಗೆ ಗಂಜಿ ಹಾಕುವುದು ನಮ್ಮಲ್ಲಿ ಹೊಸತಲ್ಲ, ಬನಿಯನ್ ಬಟ್ಟೆಗೆ ಯಾಕೆ ಹಾಕಬಾರದು?

ಅತ್ತೆ ನಕ್ಕರು. "ಬನಿಯನ್‌ಗೆ ಯಾರಾದರೂ ಗಂಜಿ ಹಾಕ್ತಾರಾ? ಹಾಕಿಕೊಂಡರೆ ಮೈ ಗೀರುತ್ತದೆ." ಪಕ್ಕದ ಮನೆಯ ದನಕ್ಕೆ ಹೋಗುವ, ಅನ್ನ ಬಸಿದ ಕುಚ್ಚಲಕ್ಕಿ ತಿಳಿಯನ್ನು ನಾನು ತಡೆದು ಇಟ್ಟುಕೊಂಡದ್ದಕ್ಕೂ ಅವರಿಗೆ ಬೇಜಾರು.

ಮೊದಲ ಸಲ ತಿಳಿಯನ್ನು ಹಾಗೇ ಹಾಕಿದೆ. ಬಟ್ಟೆ ಒಣಗಿ ಹಪ್ಪಳ ಆಯಿತು. ಸೂಜಿಗೆ ಅಂಟು ಹತ್ತಿ ನೂಲು ತುಂಡಾಗತೊಡಗಿತು. ಈಗ ಒಂದು ಲೋಟ ತಿಳಿಗೆ ಎರಡು, ಎರಡೂವರೆ ಲೋಟ ನೀರು. ಬಟ್ಟೆಯಲ್ಲಿ ಸೋಸಲೇಬೇಕು, ಅಗುಳಿನ ಚೂರು ಉಳಿದರೆ ಅಲ್ಲಿ ಗಂಟು. ಉಪ್ಪು ಹಾಕುವ ಮೊದಲೇ ತಿಳಿ ತೆಗೆಯಿರಿ, ಉಪ್ಪಿದ್ದರೆ ಬಟ್ಟೆ ಪಸೆ ಹಿಡಿಯುತ್ತದೆ. ಒಗೆದು ಕುಗ್ಗಿಸಿದ ಬಟ್ಟೆಯನ್ನು ಅದ್ದಿ, ಹಿಂಡದೆ, ಬೈರಾಸಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯುವುದು. ಹಗ್ಗಕ್ಕೆ ಹಾಕಿದರೆ ತನ್ನ ಭಾರಕ್ಕೇ ಉದ್ದ ಆಗುತ್ತದೆ. ಹಾಗಾಗಿ ಚಾಪೆಯ ಮೇಲೆ ಹರಡಿ ಫ್ಯಾನಿನ ಅಡಿಯಲ್ಲಿ ಬಿಡುವುದು. ಒಣಗಿದ ಮೇಲೆ ನೋಡಬೇಕು ಮಾರಾಯ್ರೆ, ಸುರುಳಿಯೂ ಇಲ್ಲ, ಜಾರುವುದೂ ಇಲ್ಲ, ಪೇಪರೂ ಬೇಡ. ಕತ್ತರಿ ಪಾಪ್ಲಿನ್‌ನಲ್ಲಿ ಹೋದ ಹಾಗೆ ಹೋಯಿತು. ಅಂಚು ಸೀದಾ. ಸಂಜೆ ಆರಕ್ಕೆ ಕುಳಿತವಳು ಎಂಟೂವರೆಗೆ ಎದ್ದೆ, ಟಾಪ್ ಕೈಯಲ್ಲಿ ಉಂಟು.

ಒಂದು ಎಚ್ಚರ. ಗಂಜಿ ಹಾಕಿದ ಮೇಲೆ ಬಟ್ಟೆ ಎಷ್ಟು ಹಿಗ್ಗುತ್ತದೆ ಎಂದು ಗೊತ್ತಾಗುವುದಿಲ್ಲ. ಮೊದಲೇ ಎಳೆದು ನೋಡಿ ಬರೆದಿಟ್ಟುಕೊಳ್ಳಿ. ನನ್ನ ಬಟ್ಟೆ 4 ಇಂಚು ಎಳೆದರೆ 6 ಬರುತ್ತದೆ, ಅಷ್ಟಿದ್ದರೆ ಸಾಕು.

ಕುತ್ತಿಗೆ ಪಟ್ಟಿಗೆ ಮಾತ್ರ ಗಂಜಿ ಹಾಕಬಾರದು. ನಾನು ಹಾಕಿದ್ದೆ, ಅದು ಎಳೆದಲ್ಲಿಗೆ ಬರಲೇ ಇಲ್ಲ, ಕುತ್ತಿಗೆ ಕೊಡೆಯ ಹಾಗೆ ಎದ್ದು ನಿಂತಿತು. ಪಟ್ಟಿಯ ಉದ್ದಕ್ಕೆ ನಾನು ಪಟ್ಟ ಕಷ್ಟ ಬೇರೆ. ಕುತ್ತಿಗೆ ಸುತ್ತಳತೆಯಷ್ಟೇ ಇಟ್ಟರೆ ಜೋಲು, ಮುಕ್ಕಾಲು ಇಟ್ಟರೆ ಸುಕ್ಕು. ಹೊಲಿಗೆ ಬೀಳುವ ಗೆರೆಯಲ್ಲಿ ಅಳೆದು ಅದರ ನೂರಕ್ಕೆ 85 ಇಟ್ಟೆ. 22 ಇಂಚಿನ ಕುತ್ತಿಗೆಗೆ ಹದಿನೆಂಟು ಮುಕ್ಕಾಲು, ಜೋಡಣೆಗೆ ಬೇರೆ. ನಾಲ್ಕು ಕಡೆ ಪಿನ್ ಹಾಕಿ ಪಟ್ಟಿಯನ್ನು ಮಾತ್ರ ಎಳೆಯುವುದು, ಟಾಪ್ ಅನ್ನು ಅಲ್ಲ. ಜೋಡಣೆ ಕಾಣದ ಹಾಗೆ ಮಾಡಲು ಒಂದು ಉಪಾಯ ಉಂಟು. ಅದು ನನ್ನ ಹತ್ತಿರವೇ ಇರಲಿ. ಟೈಲರ್ ಅಣ್ಣನಿಗೂ ಹೇಳಲಿಲ್ಲ.

ಭುಜ ಜೋಲದಿರಲು ಹಳೆಯ ಬಿಳಿ ಪಂಚೆಯ ಅಂಚನ್ನು ಅರ್ಧ ಇಂಚು ಕತ್ತರಿಸಿ ಹೊಲಿಗೆಯ ಜೊತೆಗೆ ಸೇರಿಸುತ್ತೇನೆ. ಗಂಡನಿಗೆ ಗೊತ್ತಿಲ್ಲ, ಆ ಪಂಚೆ ಅಷ್ಟೇನೂ ಹಳೆಯದಲ್ಲ.

ಕೆಳಗಿನ ಮಡಿಕೆಗೆ ಜೋಡಿ ಸೂಜಿ ತಂದಿದ್ದೆ, 300 ರೂಪಾಯಿ. ಅಂಗಡಿಯ ಟೀಶರ್ಟ್‌ನ ಹಾಗೆ ಎರಡು ಸಾಲು ಬೀಳುತ್ತದೆ. ಹಾಕಿದ ಮೊದಲ ದಿನವೇ ಜಿಗ್‌ಜಾಗ್ ತೆಗೆಯಲು ಮರೆತು ಪೆಡಲ್ ಒತ್ತಿದೆ. ಟಕ್! ಒಂದು ಸೂಜಿ ತಟ್ಟೆಗೆ ಬಡಿದು ಮುರಿದು ನನ್ನ ಕನ್ನಡಕಕ್ಕೆ ಬಂತು. ಇನ್ನೊಂದು ಪ್ಯಾಕೆಟ್ ತರಲು ಮನಸ್ಸೇ ಬರಲಿಲ್ಲ ಎರಡು ತಿಂಗಳು.

ಗಂಜಿಯಲ್ಲೇ ಬೇರೆ ಬೇರೆ ಮಾಡಿ ನೋಡಿದೆ. ಮೈದಾ ಹಾಕಿದರೆ ಗಾಢ ಬಣ್ಣದಲ್ಲಿ ಬಿಳಿ ಚುಕ್ಕೆ. ಸಾಬಕ್ಕಿ ಬಿಳಿ ಬಟ್ಟೆಗೆ ಒಳ್ಳೆಯದು, ಕುಚ್ಚಲಕ್ಕಿಯ ಕೆಂಪು ಛಾಯೆ ಬರುವುದಿಲ್ಲ. ಎಲ್ಲಕ್ಕಿಂತ ನಯ ಕೂವೆ ಹಿಟ್ಟಿನದ್ದು, ಆದರೆ ಅದರ ರೇಟಿಗೆ ಬಟ್ಟೆಗೆ ಸುರಿದದ್ದು ಅತ್ತೆಗೆ ಗೊತ್ತಾದರೆ ಮುಗಿಯಿತು. ರೆಡಿಮೇಡ್ ಸ್ಪ್ರೇ 200 ಕೊಟ್ಟು ತಂದೆ, ಎರಡು ಟಾಪ್‌ಗೆ ಖಾಲಿ.

ಹೊಲಿದಾದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ. ಗಂಜಿ ಹೋಗುತ್ತದೆ, ಎಲ್ಲಾದರೂ ಸ್ವಲ್ಪ ಅಲೆ ಬಂದಿದ್ದರೆ ಅದೂ ಕೂರುತ್ತದೆ. ಮೈ ಗೀರುವುದಿಲ್ಲ. ಇಸ್ತ್ರಿಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಇಡಿ.

ಲೆಕ್ಕ ಹೇಳಿಬಿಡುತ್ತೇನೆ. ಹಾಳಾದ ಬಟ್ಟೆ 900, ಸೂಜಿ ಎಲ್ಲ ಸೇರಿ 600, ಸ್ಪ್ರೇ 200. ಒಟ್ಟು 1700 ಆಸುಪಾಸು ನೀರಿಗೆ. ಇಂಥದ್ದೇ ಟಾಪ್ ಅಂಗಡಿಯಲ್ಲಿ 500ಕ್ಕೆ ಕಡಿಮೆ ಇಲ್ಲ, ನನ್ನದು 160. ಐದನೆಯದಕ್ಕೆ ಸಮ ಆಯಿತು, ಆರನೆಯದು ಲಾಭ. ನನ್ನ ಕೂಲಿ ಯಾರು ಕೊಡುತ್ತಾರೆ, ಅದು ಬಿಡಿ.

ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಯನ್ನು ಕೂಡಲೇ ಹೊಲಿದು ಮುಗಿಸಬೇಕು. ಆಟಿ ತಿಂಗಳಲ್ಲಿ ನಾಲ್ಕು ದಿನ ಬಿಟ್ಟಿದ್ದೆ, ಒಂದು ಕಡೆ ಬೂಷ್ಟು, ಇನ್ನೊಂದು ಕಡೆ ಜಿರಳೆ ತಿಂದ ತೂತು. ಈಗಲೂ ಚಾಪೆಯ ಮೇಲೆ ಒಂದು ಪೀಸ್ ಕತ್ತರಿಸಿ ಇಟ್ಟದ್ದು ಉಂಟು, ಕಂದು ಬಣ್ಣ, ಅತ್ತೆಗೆ. ಅವರೇ ಕೇಳಿದ್ದು, ಜೇಬು ಬೇಕಂತೆ. ಹೊರಗೆ ಜೋರು ಮಳೆ, ಕರೆಂಟ್ ಹೋಗಿ ಒಂದು ಗಂಟೆ ಆಯಿತು. ಬಂದ ಕೂಡಲೇ ಕೂರಬೇಕು.