ವೇದಿಕೆಯಲ್ಲಿ ಕೊನೆಗಾರನಿಗೂ ಒಂದು ಕುರ್ಚಿ

ನಮ್ಮ ಮಲೆನಾಡಿನ ಕಡೆ ವಿಚಾರಗೋಷ್ಠಿ ಎಂದರೆ ನಾಲ್ವರು ತಜ್ಞರು ಒಬ್ಬರಾದ ಮೇಲೆ ಒಬ್ಬರು ಎದ್ದು ಭಾಷಣ ಮಾಡುವುದು, ಕೊನೆಗೆ ಸಮಯದ ಅಭಾವವೆಂದು ಪ್ರಶ್ನೋತ್ತರವನ್ನು ಕೈಬಿಡುವುದು. ನಿಜವಾದ ಚರ್ಚೆ ಆಮೇಲೆ ಊಟದ ಪಂಕ್ತಿಯಲ್ಲಿ ಶುರುವಾಗುತ್ತದೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ನಮ್ಮ ಬೆಳೆಗಾರರ ಸಂಘದವರು ತಜ್ಞರ ಗೋಷ್ಠಿ ಇಟ್ಟುಕೊಂಡು, ನಿವೃತ್ತ ಮೇಷ್ಟರು ಹೇಗೂ ಬಿಡುವಾಗಿದ್ದಾರೆಂದು ಅದನ್ನು ನಡೆಸಿಕೊಡುವ ಹೊಣೆಯನ್ನು ನನಗೆ ವಹಿಸಿದರು. ಆ ಪಂಕ್ತಿಯ ಚರ್ಚೆಯನ್ನೇ ವೇದಿಕೆಗೆ ತರಬೇಕೆಂದು ಆಗಲೇ ನಿಶ್ಚಯಿಸಿದೆ.

ಮೊದಲು ಕೈ ಹಾಕಿದ್ದು ಶೀರ್ಷಿಕೆಗೆ. ಸಂಘದವರು ಬರೆದಿಟ್ಟಿದ್ದು ‘ಅಡಿಕೆ ಕೃಷಿ: ಸವಾಲುಗಳು ಮತ್ತು ಪರಿಹಾರಗಳು’ ಎಂದು. ಅದರಡಿ ಯಾರು ಏನು ಮಾತನಾಡಿದರೂ ನಡೆಯುತ್ತದೆ. ನಾನು ಅದನ್ನು ‘ಈ ಮಳೆಗಾಲಕ್ಕೆ ಮುಂಚೆ ಎಲೆಚುಕ್ಕಿಗೆ ಏನು ಮಾಡಬೇಕು?’ ಎಂದು ಬದಲಾಯಿಸಿದೆ. ಆಹ್ವಾನ ಪತ್ರಿಕೆಗೆ ಗಾಂಭೀರ್ಯ ಸಾಲದು ಎಂದು ಅಧ್ಯಕ್ಷರು ಗೊಣಗಿದರು, ಆದರೆ ಒಪ್ಪಿದರು.

ಯಾರನ್ನು ಕರೆಯಬೇಕು ಎನ್ನುವಾಗ ನಾನು ಪದವಿ ನೋಡಲಿಲ್ಲ, ಯಾರ ಮಾತು ಯಾರ ಮಾತಿಗೆ ತಾಗುತ್ತದೆ ಎಂದು ನೋಡಿದೆ. ಒಬ್ಬರು ಸಸ್ಯರೋಗ ವಿಜ್ಞಾನಿ. ಇನ್ನೊಬ್ಬರು ತೋಟಗಾರಿಕೆ ಇಲಾಖೆಯ ಅಧಿಕಾರಿ. ಮೂರನೆಯವರು, ಮಣ್ಣು ಸರಿಯಿಲ್ಲದೆ ಮದ್ದಿನಿಂದ ಏನೂ ಆಗದು ಎಂದು ಸದಾ ವಾದಿಸುವ ಹಿರಿಯ ಬೆಳೆಗಾರರು. ನಾಲ್ಕನೆಯವನು ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು; ಊರಿನ ತೋಟಗಳಿಗೆಲ್ಲ ಮದ್ದು ಹೊಡೆಯುವವನೂ ಅವನೇ. ಅವನನ್ನು ಒಪ್ಪಿಸುವುದೇ ಕಷ್ಟವಾಯಿತು. “ಅಷ್ಟು ಓದಿದವರ ಪಕ್ಕದಲ್ಲಿ ಕುಳಿತು ನಾನೇನು ಹೇಳಲಿ ಮೇಷ್ಟರೇ, ಮರ ಹತ್ತು ಎಂದರೆ ಹತ್ತುತ್ತೇನೆ” ಎಂದ. “ಮರದ ಮೇಲೆ ಏನು ಕಾಣುತ್ತದೆಯೋ ಅಷ್ಟನ್ನೇ ಹೇಳು ಮಾರಾಯ” ಎಂದೆ.

ಗೋಷ್ಠಿಯ ತಯಾರಿಯಲ್ಲಿ ಮುಕ್ಕಾಲು ಪಾಲು ಫೋನಿನಲ್ಲೇ ಆಯಿತು. ನಾಲ್ವರ ಹತ್ತಿರವೂ ಬೇರೆ ಬೇರೆಯಾಗಿ ಮಾತನಾಡಿ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಮಾತನ್ನು ಯಾರು ಒಪ್ಪುವುದಿಲ್ಲ, ಯಾಕೆ? ರೋಗ ಹತ್ತಿದ ಸೋಗೆಗಳನ್ನು, ಅಂದರೆ ಅಡಿಕೆಯ ಗರಿಗಳನ್ನು, ಕಡಿದು ಸುಟ್ಟು, ಆಮೇಲೆ ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ ಒಂದು ಮಿಲಿಯಂತೆ ಸಿಂಪಡಿಸಬೇಕು, ಬೆಳೆಗಾರರು ಮೊದಲ ಅರ್ಧವನ್ನು ಮಾಡುವುದೇ ಇಲ್ಲ ಎಂದು ವಿಜ್ಞಾನಿಗಳು ಬೇಸರಪಟ್ಟುಕೊಂಡರು. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂದು ಶಿಫಾರಸು ಇದೆಯಲ್ಲ, ಕೊಡುವವರು ಎಷ್ಟು ಜನ ಎಂಬುದು ಹಿರಿಯರ ತಕರಾರು. ಕೊನೆಗಾರ ಹೇಳಿದ ಸಂಗತಿ ಮಾತ್ರ ನನಗೆ ಹೊಳೆದೇ ಇರಲಿಲ್ಲ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗದ ಮದ್ದನ್ನು ಗೊನೆಗೆ ಹೊಡೆಯುವುದು. ದೋಟಿಯ, ಅಂದರೆ ಉದ್ದನೆಯ ಕೋಲಿನ, ತುದಿಯ ನಳಿಕೆಯನ್ನು ಗೊನೆಗೆ ಗುರಿಯಿಟ್ಟು ಹೊಡೆದು ಅವನ ಕೈ ಪಳಗಿದೆ. ಎಲೆಚುಕ್ಕಿಯ ಮದ್ದು ಸೋಗೆಗೆ ತಾಗಬೇಕು, ಅದರ ಅಡಿಭಾಗಕ್ಕೂ ತಾಗಬೇಕು. “ಸುತ್ತ ತಿರುಗಿ ಹೊಡೆಯಬೇಕು, ಹೊತ್ತೂ ಜಾಸ್ತಿ, ಮದ್ದೂ ಜಾಸ್ತಿ. ಕೂಲಿ ಮಾತ್ರ ಕೊಳೆ ಮದ್ದಿನದ್ದೇ ಕೊಡುತ್ತಾರೆ” ಎಂದ.

ಗೋಷ್ಠಿಯ ಬೆನ್ನೆಲುಬು ಸಿಕ್ಕಿತು. ಅರ್ಧ ಹಾಳೆಯಲ್ಲಿ ಪ್ರಶ್ನೆಗಳನ್ನು ಕ್ರಮವಾಗಿ ಬರೆದುಕೊಂಡೆ. ತಜ್ಞರಿಗೆ ಅದನ್ನು ಪೂರ್ತಿ ಕಳಿಸಲಿಲ್ಲ. ಯಾವ ಯಾವ ವಿಷಯ ಬರುತ್ತದೆ, ಅವರವರಿಗೆ ಮೊದಲ ಪ್ರಶ್ನೆ ಏನು ಎಂಬುದನ್ನಷ್ಟೇ ತಿಳಿಸಿದೆ. ಎಲ್ಲವನ್ನೂ ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಪರದೆ, ಸ್ಲೈಡು ಬೇಡ, ಒಂದು ಉತ್ತರ ಎರಡು ನಿಮಿಷ ಮೀರುವುದು ಬೇಡ, ಪಕ್ಕದವರ ಮಾತು ಒಪ್ಪಿಗೆಯಾಗದಿದ್ದರೆ ಅಲ್ಲೇ ಹೇಳಿಬಿಡಿ ಎಂದು ಕೇಳಿಕೊಂಡೆ.

ವೇದಿಕೆಯ ಉದ್ದ ಮೇಜು, ಬಿಳಿ ಬಟ್ಟೆ ತೆಗೆಸಿ, ಕುರ್ಚಿಗಳನ್ನು ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಅರ್ಧಚಂದ್ರಾಕಾರದಲ್ಲಿ ಹಾಕಿಸಿದೆ. ಎಲ್ಲರಿಗೂ ಬೇರೆ ಬೇರೆ ಮೈಕ್ ಬೇಕೆಂದು ಹಟ ಹಿಡಿದೆ. ಒಂದೇ ಮೈಕ್ ಕೈಯಿಂದ ಕೈಗೆ ಹೋಗುತ್ತಿದ್ದರೆ ನಡುವೆ ಬಾಯಿ ಹಾಕುವುದಕ್ಕೇ ಆಗುವುದಿಲ್ಲ, ಬಾಯಿ ಹಾಕದ ಚರ್ಚೆ ಎಂಥದ್ದು? ಶಾಲು, ಸ್ಮರಣಿಕೆ, ಫಲತಾಂಬೂಲವನ್ನು ಕೊನೆಗೆ ದೂಡಿಸಿದೆ. ದೀಪ ಬೆಳಗುವುದನ್ನು ಮಾತ್ರ ಬಿಡಿಸಲಾಗಲಿಲ್ಲ, ಅದೇನೂ ದೊಡ್ಡ ಹೊತ್ತಲ್ಲ.

ಮೊದಲ ಪ್ರಶ್ನೆಯನ್ನು ಕೊನೆಗಾರನಿಗೇ ಕೇಳಿದೆ. ವಿಜ್ಞಾನಿಗಳು ಮೊದಲು ಮಾತನಾಡಿಬಿಟ್ಟರೆ ಅವನು ಸಂಜೆಯವರೆಗೂ “ಅವರು ಹೇಳಿದ್ದೇ ಸರಿ” ಎನ್ನುತ್ತ ಕುಳಿತಿರುತ್ತಿದ್ದ. ಫೋನಿನಲ್ಲಿ ಹೇಳಿದ್ದನ್ನೇ ಅವನು ಇನ್ನಷ್ಟು ಬಿಡಿಸಿ, ದೋಟಿ ಹಿಡಿದಂತೆ ಕೈಯೆತ್ತಿ ತೋರಿಸಿದ. ವಿಜ್ಞಾನಿಗಳು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ನಳಿಕೆಯ ರಂಧ್ರ ಎಷ್ಟು ದೊಡ್ಡದು, ಒಂದು ಮರಕ್ಕೆ ಎಷ್ಟು ಮದ್ದು ಬೀಳುತ್ತದೆ ಎಂದು ಅವರೇ ಅವನನ್ನು ಕೇಳತೊಡಗಿದರು. ವೇದಿಕೆಯಲ್ಲಿ ತಜ್ಞರು ಒಬ್ಬರನ್ನೊಬ್ಬರು ಪ್ರಶ್ನಿಸಲು ಶುರು ಮಾಡಿದರೆ ನಡೆಸಿಕೊಡುವವನು ಬಾಯಿ ಮುಚ್ಚಿಕೊಂಡಿರಬೇಕು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದು ಸುಲಭವಲ್ಲ.

ಬಾಯಿ ತೆರೆಯಬೇಕಾದ ಜಾಗಗಳೂ ಇದ್ದವು. ಎಲೆಚುಕ್ಕಿ ತರುವ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರದ ಹೆಸರು ಬಂದಾಗ, “ಅದು ಕೊಳೆ ತರುವ ಶಿಲೀಂಧ್ರವೇ ಅಲ್ಲವೇ?” ಎಂದು ದಡ್ಡನಂತೆ ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಸಭೆಯಲ್ಲಿ ಬಹಳ ಜನರಿಗೆ ಆ ಗೊಂದಲವಿತ್ತು. ಕೊಳೆಗೆ ಕಾರಣ ಫೈಟಾಫ್ಥೊರಾ, ಅದು ಕಾಯಿಗೆ ಬರುವ ಕಾಯಿಲೆ, ಇದೇ ಬೇರೆ ಎಂದು ವಿಜ್ಞಾನಿಗಳು ಬಿಡಿಸಿ ಹೇಳಿದರು. ಕೊಳೆಯ ಮಾತು ಬಂದದ್ದೇ ತಡ, ಹಿರಿಯರು ಹಳೆಯ ಕಾಲಕ್ಕೆ ಹೊರಟರು: ಮಳೆ ತಾಗದಂತೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದ ದಿನಗಳು, ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದು 1910ರಲ್ಲಿ ಕೊಳೆ ರೋಗದ ಬಗ್ಗೆ ವರದಿ ಬರೆದ ಲೆಸ್ಲಿ ಕೋಲ್‌ಮನ್, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಸ್ವಾರಸ್ಯವೇ, ಆದರೆ ಗಡಿಯಾರ ಓಡುತ್ತಿತ್ತು. ಹಿರಿಯರನ್ನು “ಸಾಕು” ಎಂದು ತಡೆಯುವ ಹಾಗಿಲ್ಲ. ಅವರು ಉಸಿರು ತೆಗೆದುಕೊಳ್ಳುವುದನ್ನೇ ಕಾದು, “ಕೋಲ್‌ಮನ್ ಸಾಹೇಬರು ಗೊನೆಗೆ ಮದ್ದು ಹೊಡೆಯುವುದನ್ನು ಕಲಿಸಿದರು. ಈಗ ಸೋಗೆಗೆ ಹೊಡೆಯುವುದನ್ನು ಕಲಿಸಬೇಕಾದವರು ನೀವು ಮೇಡಂ” ಎಂದು ಇಲಾಖೆಯವರ ಕಡೆ ತಿರುಗಿದೆ. ಹಿರಿಯರೇ ಮೊದಲು ನಕ್ಕರು.

ಸಭಿಕರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡೆವು. ಸಭೆಯಲ್ಲಿ ಮೈಕ್ ಕೊಟ್ಟರೆ ಪ್ರಶ್ನೆಯ ಬದಲು ಐದನೆಯ ಭಾಷಣ ಬರುತ್ತದೆ, ಹೆಂಗಸರಂತೂ ಎದ್ದು ನಿಲ್ಲುವುದೇ ಇಲ್ಲ. ಚಹಾ ಕೊಡುವಾಗಲೇ ಚೀಟಿ, ಪೆನ್ಸಿಲ್ ಹಂಚಿ, ಇಬ್ಬರು ಹುಡುಗರು ಒಂದೇ ಬಗೆಯವನ್ನು ಒಟ್ಟು ಮಾಡಿದರು. ಎಲ್ಲಕ್ಕಿಂತ ದಪ್ಪನೆಯ ಕಟ್ಟು ಒಂದೇ ವಿಷಯದ್ದು: ಪಕ್ಕದ ತೋಟದವರು ಬೆಂಗಳೂರಿನಲ್ಲಿದ್ದಾರೆ, ಮದ್ದು ಹೊಡೆಸುವುದಿಲ್ಲ, ನಾವು ಹೊಡೆಸಿ ಏನು ಪ್ರಯೋಜನ? ಗಾಳಿ ಮಳೆಗೆ ಹರಡುವ ರೋಗವಾದ್ದರಿಂದ ಒಂದೇ ತೋಟಕ್ಕೆ ಹೊಡೆದರೆ ಪ್ರಯೋಜನ ಕಡಿಮೆ ಎಂದು ವಿಜ್ಞಾನಿಗಳು ಮುಚ್ಚುಮರೆಯಿಲ್ಲದೆ ಒಪ್ಪಿದರು. ಸಭೆ ಸ್ವಲ್ಪ ಕುಗ್ಗಿತು. ಆಗ ಕೊನೆಗಾರ, ನಾನು ಕೇಳದೆಯೇ, “ಸಾಲಾಗಿ ಐದಾರು ತೋಟ ಒಟ್ಟಿಗೆ ಕೊಟ್ಟರೆ ನನಗೂ ಸಲೀಸು, ಕೂಲಿಯಲ್ಲೂ ಸ್ವಲ್ಪ ಇಳಿಸಬಹುದು” ಎಂದ. ದೂರದಲ್ಲಿರುವ ಮಾಲೀಕರಿಗೆ ಸಂಘದಿಂದಲೇ ಫೋನ್ ಮಾಡಿ ಒಪ್ಪಿಸುತ್ತೇವೆ ಎಂದು ಅಧ್ಯಕ್ಷರು ಕುಳಿತಲ್ಲಿಂದಲೇ ಕೂಗಿ ಹೇಳಿದರು. ಅವರ ಮಾತನ್ನು ಮೈಕ್‌ನಲ್ಲಿ ಇನ್ನೊಮ್ಮೆ ಹೇಳಿಸಿದೆ, ನಾಳೆ ಮರೆಯಬಾರದಲ್ಲ.

ಉತ್ತರ ಸಿಗದೆ ಉಳಿದ ಚೀಟಿಗಳನ್ನು ಮನೆಗೆ ತಂದು, ತಜ್ಞರಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡೆ. ಆ ಹಾಳೆಗಳನ್ನು ಸಂಘದಲ್ಲಿ ಮೈಲುತುತ್ತು, ಸುಣ್ಣ ಮಾರುವ ಕೌಂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಮಳೆಗೆ ಮುಂಚೆ ಎಲ್ಲರೂ ಸರದಿ ನಿಲ್ಲುವುದು ಅಲ್ಲೇ.