ಸಿಇಟಿ ಜೊತೆಗೆ ಕಾಮೆಡ್‌-ಕೆ: ಬರೆಯುವುದು ಹೇಗೆ, ಸೀಟು ಉಳಿಸಿಕೊಳ್ಳುವುದು ಹೇಗೆ?

ಪಿಯುಸಿ ಮುಗಿಸಿದ ಮಕ್ಕಳ ರ‍್ಯಾಂಕ್‌ ಹಾಳೆ ಹಿಡಿದು ಬಂಧುಗಳು, ನೆರೆಹೊರೆಯವರು ಪ್ರತಿ ವರ್ಷವೂ ನಮ್ಮ ಮನೆಗೆ ಬರುತ್ತಾರೆ. ಪರೀಕ್ಷೆಯಲ್ಲಿ ಎಡವಿದವರಿಗೆ ಹೇಳಲು ಏನಾದರೂ ಸಮಾಧಾನದ ಮಾತು ಸಿಗುತ್ತದೆ. ಒಳ್ಳೆಯ ರ‍್ಯಾಂಕ್‌ ಪಡೆದೂ ಆಪ್ಷನ್‌ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಸಲ್ಲಿಸುವಲ್ಲಿ, ಕೆಡಿಸಿಕೊಂಡು ಬಂದವರ ಎದುರು ಮಾತ್ರ ಮಾತೇ ಹೊರಡುವುದಿಲ್ಲ. ಎಂಜಿನಿಯರಿಂಗ್‌ ಸೇರಬಯಸುವವರು ಎರಡು ಪರೀಕ್ಷೆಗಳನ್ನು ಒಟ್ಟಿಗೆ ನಿಭಾಯಿಸುವ ಕ್ರಮವನ್ನು, ಮುಖ್ಯವಾಗಿ ಆ ಆಪ್ಷನ್‌ ಎಂಟ್ರಿಯನ್ನು, ಇಲ್ಲಿ ವಿವರಿಸಿದ್ದೇನೆ.

ಮೊದಲು, ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ನಿಮಗೆ ಬೇಕೇ ಎಂದು ನಿರ್ಧರಿಸಿಕೊಳ್ಳಿ. ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಒಂದು ಪಾಲು ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತದೆ, ಇನ್ನೊಂದು ಪಾಲು ಕಾಮೆಡ್‌-ಕೆ ಮೂಲಕ ಹಂಚಿಕೆಯಾಗುತ್ತದೆ, ಉಳಿದದ್ದು ಆಡಳಿತ ಮಂಡಳಿಯ ಕೈಯಲ್ಲಿರುತ್ತದೆ. ಸಿಇಟಿಯ ಎಂಜಿನಿಯರಿಂಗ್‌ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಂದ ಶೇ 50, ಪರೀಕ್ಷೆಯ ಅಂಕಗಳಿಂದ ಶೇ 50 ಪರಿಗಣಿಸುತ್ತಾರೆ. ಕಾಮೆಡ್‌-ಕೆಯಲ್ಲಿ ಪಿಯುಸಿ ಅಂಕಗಳು ಅರ್ಹತೆಗೆ ಮಾತ್ರ ಬೇಕು, ರ‍್ಯಾಂಕ್‌ ನಿರ್ಧರಿಸುವುದು ಪರೀಕ್ಷೆಯೊಂದೇ. ಆದ್ದರಿಂದ ಪಿಯುಸಿಯಲ್ಲಿ ಅಂಕ ಕಡಿಮೆಯಾದವರಿಗೂ ಹೊರ ರಾಜ್ಯದಲ್ಲಿ ಓದಿದವರಿಗೂ ಇದು ನಿಜವಾದ ಎರಡನೇ ಅವಕಾಶ. ಆದರೆ ಸಿಇಟಿಯಲ್ಲಿರುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇಲ್ಲಿ ಇಲ್ಲ, ಸರ್ಕಾರಿ ಕಾಲೇಜುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ, ಶುಲ್ಕವೂ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ನಾಲ್ಕು ವರ್ಷದ ಶುಲ್ಕವನ್ನು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿದ ಮೇಲೆಯೇ ಅರ್ಜಿ ಹಾಕಿ. ಸೀಟು ಬಂದ ದಿನ ಈ ಲೆಕ್ಕ ಶುರು ಮಾಡಿದರೆ ಮನೆಯಲ್ಲಿ ಜಗಳವಾಗುತ್ತದೆ.

ಅರ್ಜಿ ತುಂಬುವುದು ಸುಲಭದ ಕೆಲಸ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ಎರಡು ಬಾರಿ ನೋಡಿ ಹಾಕಿ, ಮೊಬೈಲ್‌ ಸಂಖ್ಯೆ ಸೈಬರ್‌ ಸೆಂಟರ್‌ನವರದ್ದಲ್ಲದೆ ನಿಮ್ಮದೇ ಆಗಿರಲಿ.

ಎರಡೂ ಪರೀಕ್ಷೆಗಳಿಗೆ ಓದುವ ವಿಷಯಗಳು ಒಂದೇ ಆದರೂ ಬರೆಯುವ ವೇಗ ಬೇರೆ. ಸಿಇಟಿಯಲ್ಲಿ ಪ್ರತಿ ವಿಷಯದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಕಾಮೆಡ್‌-ಕೆಯಲ್ಲಿ ಮೂರೂ ವಿಷಯ ಸೇರಿ 180 ಪ್ರಶ್ನೆಗಳಿಗೆ 180 ನಿಮಿಷ. ಅಲ್ಲಿ ಒಎಂಆರ್‌ ಹಾಳೆ, ಇಲ್ಲಿ ಕಂಪ್ಯೂಟರ್‌ ಪರದೆ ಮತ್ತು ಇಂಗ್ಲಿಷ್‌ ಪ್ರಶ್ನೆಪತ್ರಿಕೆ ಮಾತ್ರ. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಜೆಇಇ ಮೇನ್‌ನಲ್ಲಿ ಅಂಕ ಕಡಿತದ ಭಯಕ್ಕೆ ಒಗ್ಗಿದ ಮಕ್ಕಳು ಅದೇ ಅಭ್ಯಾಸದಲ್ಲಿ ಇಲ್ಲಿಯೂ ಹತ್ತಾರು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬರುವುದನ್ನು ಕಂಡಿದ್ದೇನೆ. ಒಂದನ್ನೂ ಖಾಲಿ ಬಿಡಬಾರದು. ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳೇ ಸಾಕು. ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಿ. ‘ಖಚಿತ ಪ್ರಶ್ನೆಗಳು’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿಕೊಂಡು ಬರುವ ದಪ್ಪ ಗೈಡುಗಳಲ್ಲಿ ತಪ್ಪು ಕೀ ಉತ್ತರಗಳೇ ಹೇರಳವಾಗಿರುತ್ತವೆ, ಅವಕ್ಕೆ ದುಡ್ಡು ಸುರಿಯಬೇಡಿ.

ಈಗ ಆಪ್ಷನ್‌ ಎಂಟ್ರಿಗೆ ಬರೋಣ. ಸೀಟು ಹಂಚುವಾಗ ಕಂಪ್ಯೂಟರ್‌ ಏನು ಮಾಡುತ್ತದೆ ಎಂಬುದನ್ನು ಅರಿತರೆ ಅರ್ಧ ಗೊಂದಲ ಕಳೆಯುತ್ತದೆ. ಅದು ವಿದ್ಯಾರ್ಥಿಗಳನ್ನು ರ‍್ಯಾಂಕ್‌ ಪ್ರಕಾರ ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲ ಸಾಲನ್ನು ನೋಡಿ, ಅಲ್ಲಿ ನಿಮಗೆ ಅರ್ಹತೆಯಿರುವ ಸೀಟು ಉಳಿದಿದ್ದರೆ ಅದನ್ನೇ ಕೊಟ್ಟು ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಎರಡನೆಯ ಸಾಲು, ಅದೂ ಇಲ್ಲದಿದ್ದರೆ ಮೂರನೆಯದು. ಎಟುಕದ ಕಾಲೇಜನ್ನು ಮೇಲೆ ಬರೆದದ್ದಕ್ಕೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ, ಏಕೆಂದರೆ ನಿಮ್ಮ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ನೋಡಿದ ಮೇಲೆಯೇ ನಿಮಗಿಂತ ಹಿಂದಿನ ರ‍್ಯಾಂಕ್‌ನವರ ಸರದಿ ಬರುತ್ತದೆ. ಹೀಗಿರುವಾಗ ‘ಸಿಗುವಂಥದ್ದನ್ನು ಮೇಲೆ ಹಾಕಿ’ ಎಂಬ ಸಲಹೆಯಷ್ಟು ಹಾನಿ ಮಾಡುವ ಸಲಹೆ ಇನ್ನೊಂದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಸಲಹಾ ಕೇಂದ್ರವೊಂದಕ್ಕೆ ಹಣ ತೆತ್ತು ಇದೇ ಮಾತನ್ನು ಕೇಳಿ, ಮನೆಯ ಹತ್ತಿರದ ಸಾಧಾರಣ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆದ. ಅದೇ ಸಿಕ್ಕಿತು. ಅವನು ಏಳನೇ ಸಾಲಿನಲ್ಲಿ ಬರೆದಿದ್ದ, ನಿಜವಾಗಿ ಬಯಸಿದ್ದ ಕಾಲೇಜಿಗೆ ಅವನಿಗಿಂತ ಹಿಂದಿದ್ದವರು ಸೇರಿದರು. ಹಂಚಿಕೆಯ ಎರಡನೇ ಸುತ್ತಿನಲ್ಲೂ ಉಪಯೋಗವಾಗಲಿಲ್ಲ. ಸಿಕ್ಕ ಸೀಟಿಗಿಂತ ಕೆಳಗಿನ ಸಾಲುಗಳು ಮುಂದಿನ ಸುತ್ತಿಗೆ ಅಳಿದುಹೋಗುತ್ತವೆ, ಮೇಲಿನವು ಮಾತ್ರ ಉಳಿಯುತ್ತವೆ. ಅವನ ಪಟ್ಟಿಯಲ್ಲಿ ಮೇಲೆ ಏನೂ ಇರಲಿಲ್ಲ.

ಆದ್ದರಿಂದ ಪಟ್ಟಿಯನ್ನು ಮೊದಲು ಕಾಗದದ ಮೇಲೆ, ಕೇವಲ ಬಯಕೆಯ ಕ್ರಮದಲ್ಲಿ ಬರೆಯಿರಿ. ಹಿಂದಿನ ವರ್ಷದ ಕಟ್‌ಆಫ್‌, ಅಂದರೆ ಆ ಸೀಟು ಸಿಕ್ಕ ಕೊನೆಯ ರ‍್ಯಾಂಕ್‌, ನೋಡಬೇಕಾದದ್ದು ಕ್ರಮ ಬದಲಿಸುವುದಕ್ಕಲ್ಲ, ಪಟ್ಟಿ ಎಲ್ಲಿಯವರೆಗೆ ಉದ್ದವಿರಬೇಕು ಎಂದು ತಿಳಿಯುವುದಕ್ಕೆ. ಕೊನೆಯ ಹತ್ತು ಹದಿನೈದು ಸಾಲುಗಳಲ್ಲಿ ಖಂಡಿತ ಸಿಗುವಂಥವು ಇರಲಿ, ಆದರೆ ಸಿಕ್ಕರೂ ಸೇರಲಾರೆ ಎನ್ನುವ ಕಾಲೇಜನ್ನು ಸುಮ್ಮನೆ ಸೇರಿಸಬೇಡಿ. ಕಾಲೇಜು ಮುಖ್ಯವೋ ಕೋರ್ಸು ಮುಖ್ಯವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಹೆಸರಿಗಾಗಿ ಒಲ್ಲದ ಕೋರ್ಸು ಹಿಡಿಯಬಾರದು. ಸಿಇಟಿಯಲ್ಲಿ ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿದೆ. ಬಿಟ್ಟುಹೋದದ್ದನ್ನು ಸೇರಿಸಲು ಅದನ್ನು ಬಳಸಿ, ಗಾಬರಿಯಿಂದ ಇಡೀ ಕ್ರಮವನ್ನು ತಲೆಕೆಳಗು ಮಾಡಬೇಡಿ.

ಹಂಚಿಕೆಯಾದ ಮೇಲೆ ಸಿಇಟಿಯಲ್ಲಿ ನಾಲ್ಕು ಚಾಯ್ಸ್‌ಗಳಿರುತ್ತವೆ. ಮೊದಲನೆಯದು ಒಪ್ಪಿ ಸೇರುವುದು, ಎರಡನೆಯದು ಸೀಟನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಮೂರನೆಯದು ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಹೊರನಡೆಯುವುದು. ಕಾಮೆಡ್‌-ಕೆಯಲ್ಲೂ ಬೇರೆ ಹೆಸರುಗಳಲ್ಲಿ ಇವೇ ನಾಲ್ಕು ದಾರಿಗಳಿವೆ. ಎರಡನೆಯದನ್ನು ಆರಿಸಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಮೂರನೆಯದನ್ನು ಇನ್ನೊಂದು ಕಡೆಯ ಸೀಟು ಕೈಯಲ್ಲಿ ಭದ್ರವಾಗಿಲ್ಲದಿದ್ದರೆ ಮುಟ್ಟಲೇಬೇಡಿ.

ಎರಡೂ ಕಡೆಯ ಕೌನ್ಸೆಲಿಂಗ್‌ ಪ್ರತ್ಯೇಕವಾಗಿ ನಡೆಯುವುದರಿಂದ ಒಂದರ ದಿನಾಂಕ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಶುಲ್ಕ ಕಟ್ಟುವ, ಕಾಲೇಜಿಗೆ ವರದಿ ಮಾಡಿಕೊಳ್ಳುವ ಮತ್ತು ಸೀಟು ರದ್ದು ಮಾಡಿ ಹಣ ವಾಪಸ್‌ ಕೇಳುವ ಕೊನೆಯ ದಿನಾಂಕಗಳನ್ನು ಎರಡು ಬಣ್ಣಗಳಲ್ಲಿ ಒಂದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಗೋಡೆಗೆ ತೂಗುಹಾಕಿ. ಲಾಗಿನ್‌ ಗುಪ್ತಪದವನ್ನೂ ಒಟಿಪಿಯನ್ನೂ ಯಾವ ಏಜೆಂಟರಿಗೂ ಕೊಡಬೇಡಿ. ಪಟ್ಟಿ ಸಲ್ಲಿಸಿದ ಬಳಿಕ ಅದರ ಮುದ್ರಿತ ಪ್ರತಿಯನ್ನು ತೆಗೆದು, ಕಾಗದದ ಮೇಲೆ ಬರೆದುಕೊಂಡ ಪಟ್ಟಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ. ಕಾಲೇಜಿನ ಕೋಡ್‌ನಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಕಂಪ್ಯೂಟರ್‌ಗೆ ಅದು ಬೇರೆಯದೇ ಕಾಲೇಜು.